ಶುಗರ್ ಉಂಟಂತೆ

ಶುಗರ್ ಎಂದು ಗೊತ್ತಾದಾಗ ನನಗೆ ಮೊದಲು ಆದದ್ದು ನಾಚಿಕೆ. ಹೆದರಿಕೆ ಮರುದಿನ ಬಂತು. ಪೇಟೆಯಲ್ಲಿ ಕೂತು ಉಣ್ಣುವವರ ಕಾಯಿಲೆ ಅದು ಎಂದು ನಂಬುವವರು ನಮ್ಮ ಸುಳ್ಯ ಸೀಮೆಯ ಕೊಲ್ಲಮೊಗ್ರಿನಲ್ಲಿ ಈಗಲೂ ಇದ್ದಾರೆ. ಬೆಳಗಾದರೆ ಹಟ್ಟಿ, ಆಮೇಲೆ ಅಡುಗೆ, ತೋಟ, ಕಾಲಕ್ಕೆ ಸರಿಯಾಗಿ ಅಡಿಕೆ ಸುಲಿಯುವ ಕೆಲಸ. ಇಷ್ಟು ಸವೆದ ಮೈಗೆ ಇದು ಎಲ್ಲಿಂದ ಬಂತು? ಖಾಲಿ ಹೊಟ್ಟೆಯಲ್ಲಿ 126ಕ್ಕೆ ಮುಟ್ಟಿದರೆ ಮಧುಮೇಹದ ಲೆಕ್ಕ. ನನ್ನದು 170ರ ಹತ್ತಿರ ಇತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿ ಎ1ಸಿ 6.5 ಇದ್ದರೇ ಕಾಯಿಲೆ ಎನ್ನುತ್ತಾರೆ. ನನ್ನದು 8 ದಾಟಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. "ಸಿಹಿ ಜಾಸ್ತಿ ತಿಂತಿದ್ರಾ ಅಕ್ಕ?" ಎಂದು ಒಬ್ಬರು. "ಛೆ, ನೀವು ದಪ್ಪ ಇಲ್ಲವಲ್ಲ!" ಎಂದು ಇನ್ನೊಬ್ಬರು. ಕೇಳಿದವರಿಗೆ ಅದು ಬರೀ ಕುಶಲ, ನನಗೆ ವಿಚಾರಣೆ. ಹೆತ್ತವರಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ನಮ್ಮ ದೇಶದಲ್ಲಿ ತೆಳ್ಳಗಿರುವವರಿಗೂ ಬರುತ್ತದೆ ಎಂದು ಡಾಕ್ಟರು ಹೇಳಿದಾಗ ನಾಚಿಕೆ ಅರ್ಧ ಇಳಿಯಿತು. ಆದರೆ ಅಮ್ಮನ ಮಾತು ಬಂದದ್ದೇ ಹೆದರಿಕೆ ಎದ್ದಿತು. ಅಮ್ಮನ ಕಾಲಿನ ಹುಣ್ಣು ಒಂದು ಮಳೆಗಾಲ ಪೂರ್ತಿ ಒಣಗಿರಲಿಲ್ಲ. ಕೊನೆಗೆ ಬೆರಳು ತೆಗೆದಿದ್ದರು. ನಮ್ಮ ಕಾಡಿನಂಚಿನ ತೋಟಗಳಲ್ಲಿ ಮಳೆ ಹಿಡಿದರೆ ಕಾಲಿಗೆ ಜಿಗಣೆ ತಪ್ಪಿದ್ದಲ್ಲ. ಕಚ್ಚಿದಲ್ಲಿ ತುರಿಸಿ ತುರಿಸಿ ಗಾಯ ಮಾಡಿಕೊಳ್ಳುವುದು ಇಲ್ಲಿ ಯಾರಿಗೂ ಹೊಸತಲ್ಲ. ಆ ವರ್ಷ ಮಾತ್ರ ಪ್ರತಿ ಚುಕ್ಕೆ ರಕ್ತದಲ್ಲೂ ನನಗೆ ಅಮ್ಮನ ಕಾಲೇ ಕಾಣುತ್ತಿತ್ತು. ಆ ಹೆದರಿಕೆಯನ್ನು ಕಡಿಮೆ ಮಾಡಿದ್ದು ಧೈರ್ಯದ ಮಾತಲ್ಲ, ಒಂದು ಜೊತೆ ಗಂಬೂಟು ಮತ್ತು ರಾತ್ರಿ ಮಲಗುವ ಮೊದಲು ಪಾದ ತಿರುಗಿಸಿ ನೋಡುವ ಅಭ್ಯಾಸ. ಕೈಗೊಂದು ಕೆಲಸ ಸಿಕ್ಕಿದರೆ ಮನಸ್ಸು ಅಷ್ಟು ಅಲೆಯುವುದಿಲ್ಲ.

ಊಟದ ಸಂಕಟ ಬೇರೆಯೇ. ಗಂಜಿ ಕಡಿಮೆ ಮಾಡಬೇಕಲ್ಲ ಎಂದು ನಾನು ಅತ್ತಿದ್ದೇನೆ, ನಗುವವರು ನಗಲಿ. ಅನ್ನ ಬಿಟ್ಟು ಚಪಾತಿ ತಿನ್ನಿ ಎಂದು ಊರಿಡೀ ಉಪದೇಶ. ಚಪಾತಿಯೂ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತದೆ, ಅದಕ್ಕೂ ಲೆಕ್ಕ ಬೇಕು ಎಂದು ಯಾರೂ ಹೇಳುವುದಿಲ್ಲ. ಕುಚ್ಚಲಕ್ಕಿ ಅನ್ನ ಅರ್ಧಕ್ಕಿಳಿಸಿ, ಉಳಿದ ಜಾಗಕ್ಕೆ ಬಸಳೆ, ತೊಂಡೆ, ಹುರುಳಿ, ಮೀನು ಬಂದ ಮೇಲೆ ಬಟ್ಟಲು ಮತ್ತೆ ನನ್ನದೇ ಅನಿಸಿತು.

ಮನೆಯ ಹೊರಗೆ ಅಷ್ಟು ಸುಲಭವಿರಲಿಲ್ಲ. ಬಂದವರಿಗೆ ಮೊದಲು ಬೆಲ್ಲ ನೀರು ಇಡುವ ಸೀಮೆ ನಮ್ಮದು. ಬೇಡವೆಂದರೆ ಬೆಲ್ಲಕ್ಕಲ್ಲ, ಕೊಟ್ಟವರಿಗೇ ಬೇಡ ಎಂದ ಹಾಗೆ. ಮದುವೆ ಪಂಕ್ತಿಯಲ್ಲಿ, "ಒಂದು ಸೌಟಿಗೆ ಎಂತ ಆಗ್ತದೆ? ರಾತ್ರಿ ಒಂದು ಮಾತ್ರೆ ಜಾಸ್ತಿ ತಗೊಳ್ಳಿ" ಎನ್ನುವವರನ್ನು ನಿಭಾಯಿಸಬಹುದು. "ಅವರಿಗೆ ಪಾಯಸ ಬೇಡ, ಶುಗರ್ ಉಂಟು!" ಎಂದು ಪ್ರೀತಿಯಿಂದ ಕೂಗಿ ಹೇಳುವವರನ್ನು ಹೇಗೆ ನಿಭಾಯಿಸುವುದು? ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳು 10 ಕೋಟಿಗೂ ಮಿಕ್ಕಿ ಎಂದಿತ್ತು. ಇರಬಹುದು. ಆ ಪಂಕ್ತಿಯಲ್ಲಿ ಪಾಯಸ ಬೀಳದ ಎಲೆ ನನ್ನದೊಂದೇ.

ಮದ್ದು ಹೇಳುವವರಿಗಂತೂ ಬರವಿಲ್ಲ. ಹಾಗಲಕಾಯಿ, ಮೆಂತೆ, ಅಮೃತಬಳ್ಳಿ. ಒಬ್ಬ ಅಕ್ಕ ಇನ್ಸುಲಿನ್ ಗಿಡದ ತುಂಡನ್ನೇ ತಂದು ಅಂಗಳದಲ್ಲಿ ನೆಟ್ಟು ಹೋದರು. ಹೆಸರು ಇನ್ಸುಲಿನ್ ಆದರೂ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಅವರ ಪ್ರೀತಿಗೆ ನೀರು ಹಾಕುತ್ತೇನೆ, ಮಾತ್ರೆ ಬಿಟ್ಟಿಲ್ಲ.

ಗ್ಲುಕೋಮೀಟರ್ ತಂದ ಮೇಲೆ ಸಿಟ್ಟಿನ ಕಾಲ. ರಾತ್ರಿ ಮಿತವಾಗಿ ಉಂಡು ಮಲಗಿದರೂ ಬೆಳಗ್ಗೆ ಅಂಕಿ ಏರಿರುತ್ತಿತ್ತು. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು: ಬೆಳಗಿನ ಜಾವ ಮೈಯ ಹಾರ್ಮೋನುಗಳು ಏರಿ, ಪಿತ್ತಜನಕಾಂಗ ತಾನೇ ಸಕ್ಕರೆ ಬಿಡುತ್ತದೆ, ನಿದ್ದೆಗೆಟ್ಟರೆ, ಚಿಂತೆ ಮಾಡಿದರೆ ಇನ್ನೂ ಏರಬಹುದು. ಈ ಬೇಸರಕ್ಕೂ ವೈದ್ಯರು ಡಯಾಬಿಟಿಸ್ ಡಿಸ್ಟ್ರೆಸ್ ಎಂಬ ಹೆಸರಿಟ್ಟಿದ್ದಾರಂತೆ. ಅದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲೇ 20 ಪ್ರಶ್ನೆಗಳ ಪಟ್ಟಿ ಮಾಡಿದ್ದರು. ನಾಲ್ಕು ಜನರ ನಡುವೆ ಊಟದ ವಿಷಯಕ್ಕೆ ಆಗುವ ಮುಜುಗರವೂ ಅದರಲ್ಲಿ ಉಂಟು ಎಂದಳು. ಕಡಲಾಚೆಯವರಿಗೂ ನಮ್ಮ ಪಂಕ್ತಿಯ ಸಂಕಟ ಗೊತ್ತಾಗಿದೆ ಎಂದು ನಗು ಬಂತು.

ನಮ್ಮ ಯಜಮಾನರು ಸಮಾಧಾನಕ್ಕೆ, "ಹಳದಿ ರೋಗ ಬಂದದ್ದಕ್ಕೆ ಅಡಿಕೆ ತೋಟ ಬಿಟ್ಟು ಓಡಿದೆವಾ?" ಎಂದರು. ಮಾತು ಚೆನ್ನಾಗಿತ್ತು, ಲೆಕ್ಕ ಸರಿಯಿರಲಿಲ್ಲ. ಸುಳ್ಯ ಸೀಮೆಯಲ್ಲಿ ಹಳದಿ ಎಲೆ ರೋಗ ಹಿಡಿದ ಮರಕ್ಕೆ ಮದ್ದಿಲ್ಲ. ನನ್ನ ಕಾಯಿಲೆ ಹೋಗದಿದ್ದರೂ ಹಿಡಿತಕ್ಕೆ ತರುವ ಮದ್ದು ಉಂಟು. 1922ರಲ್ಲಿ ಮೊದಲ ಬಾರಿ ರೋಗಿಗೆ ಇನ್ಸುಲಿನ್ ಕೊಡುವವರೆಗೆ ಟೈಪ್ 1 ಎಂಬ ಬಗೆಯ ಮಧುಮೇಹ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ನನ್ನನ್ನು ಸೋಗೆ ಹಳದಿಯಾದ ಮರದ ಸಾಲಿಗೆ ಸೇರಿಸಬೇಡಿ ಎಂದೆ.

ಸುದ್ದಿ ಹರಡಿದ್ದರಿಂದ ಒಂದು ಲಾಭವೂ ಆಯಿತು. ಹಿತ್ತಿಲ ಬಾಗಿಲಿಗೆ ಬಂದು "ನನಗೂ ಉಂಟು, ಮನೆಯಲ್ಲಿ ಹೇಳಿಲ್ಲ" ಎಂದವರಿದ್ದಾರೆ. 2022ರ ಆಗಸ್ಟಿನಲ್ಲಿ ಕೊಲ್ಲಮೊಗ್ರು, ಹರಿಹರ, ಕಲ್ಮಕಾರು ಕಡೆ ಹೊಳೆ ಉಕ್ಕಿ ದಾರಿ ಕಡಿದದ್ದನ್ನು ಕಂಡವರು ನಾವು. ಹಾಗಾಗಿ ಮಳೆಗಾಲಕ್ಕೆ ಅಕ್ಕಿ, ಹಪ್ಪಳ ಕೂಡಿಡುವಾಗ ಮಾತ್ರೆಯನ್ನೂ ಕೂಡಿಡುತ್ತೇವೆ. ರಕ್ತ ಪರೀಕ್ಷೆಗೆ ನಾನೂ ನೆರೆಮನೆಯ ಅಕ್ಕನೂ ಖಾಲಿ ಹೊಟ್ಟೆಯಲ್ಲಿ ಸುಳ್ಯದ ಬಸ್ಸು ಹತ್ತುತ್ತೇವೆ. ಒಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಕೊಡಬೇಕು. ಆ ಎರಡು ಗಂಟೆ ಪೇಟೆ ಸುತ್ತುತ್ತೇವೆ, ಸೀರೆ ಅಂಗಡಿಯಲ್ಲಿ ಏನೂ ಕೊಳ್ಳದೆ ಕೂರುತ್ತೇವೆ, ಮನೆಯಿಂದ ಫೋನ್ ಬಂದರೆ ಎತ್ತುವುದಿಲ್ಲ.