ಬೇಸಿಗೆಯ ಹಿತ್ತಿಲು

ಮನೆಯ ಹಿಂಬದಿಯ ನೆಲಕ್ಕೆ ಕನ್ನಡದಲ್ಲಿ ‘ಹಿತ್ತಿಲು’ ಎಂದು ಹೆಸರು. ‘ಹಿಂದು’ ಎಂಬ ಶಬ್ದದ ಬಳಗಕ್ಕೆ ಸೇರಿದ ಈ ಪದದಲ್ಲಿ ಗಿಡದ ಮಾತಾಗಲಿ ಬೇಲಿಯ ಮಾತಾಗಲಿ ಇಲ್ಲ. ಇರುವುದು ಸ್ಥಳದ ಸೂಚನೆಯೊಂದೇ. ಆದರೂ ಹಿತ್ತಿಲು ಎಂದೊಡನೆ ಕೇಳಿದವರ ಕಣ್ಣಿಗೆ ಕಟ್ಟುವುದು ಬಾಳೆಯ ಗುಂಪು, ನುಗ್ಗೆಯ ಮರ, ಹೀರೆಯ ಚಪ್ಪರ, ಕರಿಬೇವು, ಪೂಜೆಗೆ ಬೇಕಾದ ಪತ್ರೆಪುಷ್ಪಗಳು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಹತ್ತಿರದವರ ಯೋಗ್ಯತೆಯನ್ನು ಕಾಣಲಾರದವರ ವಿಷಯದಲ್ಲಿ ಆಡುವುದು ರೂಢಿ. ಈಚಿನ ದಿನಗಳಲ್ಲಿ ಅದನ್ನು ಹಿತ್ತಿಲಿನ ವಿಷಯದಲ್ಲಿಯೇ ಆಡಬೇಕಾಗಿ ಬಂದಿದೆ.

ಕಂಪಲಾಪುರದ ಸುತ್ತಿನಲ್ಲಿ ಈ ಅಲಕ್ಷ್ಯಕ್ಕೆ ವಿಶೇಷವಾದೊಂದು ಕಾರಣವುಂಟು. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಮೈಸೂರು-ಮಡಿಕೇರಿ ಹೆದ್ದಾರಿಯ ಮೇಲಿರುವ ಈ ಊರು ಹೊಗೆಸೊಪ್ಪಿನ ಸೀಮೆಗೆ ಸೇರಿದುದು. ಹೊಗೆಸೊಪ್ಪಿನ ಹರಾಜುಕಟ್ಟೆಯೂ ಇಲ್ಲಿದೆ. ಸಸಿಮಡಿಯ ಕೆಲಸ ಬೇಸಿಗೆಯ ಆರಂಭದಲ್ಲಿ. ಹೊಲದಲ್ಲಿ ನಾಟಿ ಮೇ ತಿಂಗಳ ಮಳೆಯ ಹದಕ್ಕೆ. ಸೊಪ್ಪು ಬಲಿತು, ಬ್ಯಾರನ್ನಿನಲ್ಲಿ ಹದಗೊಂಡು, ಹರಾಜಾಗಿ ಹಣವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ಬಂದ ಮೇಲೆ. ನಡುವಣ ತಿಂಗಳುಗಳಲ್ಲಿ ರೈತನ ಮನೆಯಲ್ಲಿ ಗೊಬ್ಬರಕ್ಕೆ, ಸೌದೆಗೆ, ಕೂಲಿಗೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಆ ದಿನಗಳ ಸಾರಿಗೂ ಪಲ್ಯಕ್ಕೂ ಆಸರೆಯಾಗಬೇಕಾದುದು ಹಿತ್ತಿಲು. ಆದರೆ ಹಿತ್ತಿಲಿಗೆ ಕೈ ಬೇಕಾದ ಹದಿನೈದು ದಿನಗಳೂ ಹೊಗೆಸೊಪ್ಪಿನ ನಾಟಿಯ ಹದಿನೈದು ದಿನಗಳೂ ಒಂದೇ ಆಗಿರುವುದರಿಂದ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಹಿತ್ತಿಲು ಹಾಳುಬೀಳುವುದು ವರ್ಷವರ್ಷವೂ ಕಾಣುವ ನೋಟ. ಮನೆಯಲ್ಲಿ ಉಳಿಯುವ ಹಿರಿಯರೂ ರಜೆಯಲ್ಲಿರುವ ಶಾಲೆಯ ಮಕ್ಕಳೂ ಮನಸ್ಸು ಮಾಡಿದರೆ ಇದನ್ನು ತಪ್ಪಿಸಲು ಸಾಧ್ಯ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಬಯಲುಸೀಮೆಗೂ ಮಲೆನಾಡಿಗೂ ನಡುವಣ ನಾಡು. ಇಲ್ಲಿನ ಬೇಸಿಗೆ ಒಂದಲ್ಲ, ಎರಡು. ಶಿವರಾತ್ರಿಯಿಂದ ಯುಗಾದಿಯ ಆಚೀಚಿನವರೆಗೆ ಒಣ ಬಿಸಿಲು. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆಯ ನಕ್ಷತ್ರ ಹುಟ್ಟಿದ ಮೇಲೆ ಗಾಳಿಯಲ್ಲಿ ತೇವ ಸೇರಿ ಸೆಕೆ ಏರುತ್ತದೆ. ಮಧ್ಯಾಹ್ನ ಕಳೆದಂತೆ ಮೋಡ ಕವಿದು, ಧೂಳೆದ್ದು, ಗುಡುಗು ಸಿಡಿಲುಗಳೊಡನೆ ಬಿರುಮಳೆ ಸುರಿಯುತ್ತದೆ. ಏಪ್ರಿಲ್ ಕೊನೆಯಲ್ಲಿ ಬರುವ ಭರಣಿಯನ್ನು ‘ಭರಣಿ ಮಳೆ, ಧರಣಿ ಬೆಳೆ’ ಎಂದು ಜನ ಕೊಂಡಾಡುತ್ತಾರೆ. ಹೊಲಕ್ಕೆ ಆ ಮಾತು ಸಲ್ಲುತ್ತದೆ. ಹಿತ್ತಿಲಿಗೆ ಸಲ್ಲುವುದು ಸಿದ್ಧತೆಯಿದ್ದರೆ ಮಾತ್ರ. ಏಕೆಂದರೆ ಮೊದಲ ಬೇಸಿಗೆಯಲ್ಲಿ ಗಿಡವನ್ನು ಉಳಿಸಿದ ಉಪಾಯಗಳೇ ಎರಡನೆಯದರಲ್ಲಿ ಅದನ್ನು ಕೊಲ್ಲತಕ್ಕವು. ಇದನ್ನು ತಿಳಿಯುವುದೇ ಬೇಸಿಗೆಯ ಕೈತೋಟದ ವಿದ್ಯೆ.

ಒಣ ಬೇಸಿಗೆಯಲ್ಲಿ ಇರುವ ನೀರನ್ನು ಬೇರಿಗೆ ಮುಟ್ಟಿಸುವುದೊಂದೇ ಚಿಂತೆ. ಮಡಿ ನೆಲಮಟ್ಟಕ್ಕಿಂತ ತಗ್ಗಾಗಿರಬೇಕು. ಗಿಡದ ಸುತ್ತ ಪಾತಿ ಕಟ್ಟಿರಬೇಕು. ದಿನವೂ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಗಳಿಗೊಮ್ಮೆ ನೆಲ ಆಳಕ್ಕೆ ನೆನೆಯುವಂತೆ ಉಣಿಸುವುದು ಮೇಲು. ಚಿಮುಕಿಸಿದ ನೀರನ್ನು ಅರಸಿ ಬೇರು ಮೇಲಕ್ಕೆ ಬರುತ್ತದೆ, ಮೇಲೆ ಬಂದ ಬೇರು ಬಿಸಿಲಿಗೆ ಬೇಯುತ್ತದೆ. ಎಳೆಯ ಸಸಿಗೆ ಈ ನಿಯಮವಿಲ್ಲ, ಅದಕ್ಕೆ ಎರಡು ಹೊತ್ತೂ ಬೇಕು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ನೆಟ್ಟ ಮರಗಳಿಗೆ ಬೇಸಿಗೆಯಲ್ಲಿ ಬೆಳಗು-ಬೈಗು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರೆರೆಯುವಂತೆ ವಿಧಿಸಿದ್ದಾನೆ. ಕೊನೆಯ ಮಾತು ಗಮನಾರ್ಹವಾದುದು: ಪಂಚಾಂಗವನ್ನು ಬಿಟ್ಟು ಮಣ್ಣನ್ನು ನೋಡಬೇಕೆಂಬುದು ಅದರ ಅಭಿಪ್ರಾಯ. ಕನ್ನಡದಲ್ಲಿಯೂ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವಿದೆ. ಕಾವ್ಯವನ್ನು ಓದುವಷ್ಟು ಶ್ರದ್ಧೆಯಿಂದ ಇಂತಹ ಶಾಸ್ತ್ರಗ್ರಂಥಗಳನ್ನು ಕನ್ನಡಿಗರು ಓದಲಿಲ್ಲವೆಂಬುದು ವಿಷಾದದ ಸಂಗತಿ.

ನೀರು ತೀರ ಕಡಿಮೆಯಿರುವ ಮನೆಗೆ ಮಡಕೆಯ ಉಪಾಯ ಒಳ್ಳೆಯದು. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕದಲ್ಲಿ ಕಂಠದವರೆಗೆ ಹೂತು, ನೀರು ತುಂಬಿ, ಬಾಯಿಗೆ ಬೋಕಿ ಮುಚ್ಚಿದರೆ ಮಡಕೆಯ ಮೈ ಜಿನುಗಿ ಬೇರಿನ ಸುತ್ತಲ ಮಣ್ಣು ತೇವವಾಗಿರುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ಎಳೆಯುತ್ತದೆ, ನೆನೆದಾಗ ಎಳೆಯುವುದು ನಿಲ್ಲುತ್ತದೆ. ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಈ ಕ್ರಮ ಬಳಕೆಯಲ್ಲಿತ್ತು. ಬಚ್ಚಲ ನೀರನ್ನು ಬಾಳೆಗೂ ಕೆಸುವಿಗೂ ತಿರುಗಿಸಬಹುದು; ಸಾಬೂನಿನ ನೀರು ಎಳೆಯ ಸಸಿಗೆ ಆಗದು. ಮಡಿಯ ಮೇಲೆ ತರಗೆಲೆ, ರಾಗಿಹುಲ್ಲು, ಅವರೆಯ ಹೊಟ್ಟು ಯಾವುದಾದರೂ ನಾಲ್ಕು ಬೆರಳ ದಪ್ಪ ಹಾಸಿರಬೇಕು. ಕಾಂಡಕ್ಕೆ ತಾಗಿದರೆ ಗೆದ್ದಲು ಹತ್ತುವುದುಂಟು, ಆದುದರಿಂದ ಬುಡದಿಂದ ಒಂದು ಗೇಣು ಬಿಟ್ಟು ಹಾಸುವುದು ಲೇಸು. ಹೊಸ ಸಸಿಗಳಿಗೆ ಪಡುವಣ ಕಡೆಯಲ್ಲಿ ತೆಂಗಿನ ಗರಿಯ ಮರೆ ಸಾಕು.

ಅಶ್ವಿನಿಯ ಮೊದಲ ಗುಡುಗು ಕೇಳಿದೊಡನೆ ಈ ಕ್ರಮವೆಲ್ಲ ತಿರುಗಬೇಕು. ನೀರನ್ನು ಹಿಡಿದ ತಗ್ಗುಮಡಿ ಬಿರುಮಳೆಯಲ್ಲಿ ಕೆರೆಯಾಗುತ್ತದೆ. ಪರಂಗಿಯ ಗಿಡವಂತೂ ಒಂದೆರಡು ದಿನ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ. ಆದಕಾರಣ ಪಾತಿಯ ಕಟ್ಟೆಯನ್ನು ಇಳಿಜಾರಿನ ಕಡೆ ಒಡೆದು, ಬುಡಕ್ಕೆ ಮಣ್ಣೇರಿಸಿ, ಹೊಸ ಬಿತ್ತನೆಗೆ ಏರುಮಡಿ ಮಾಡತಕ್ಕದ್ದು. ನೀರು ಹೊರಹೋಗುವ ಕಾಲುವೆಯನ್ನು ತೋಡುವಾಗ ಅದು ಎಲ್ಲಿಂದ ಬರುತ್ತದೆಂಬುದನ್ನೂ ನೋಡಬೇಕು: ನಂಜನಗೂಡಿನ ರಸಬಾಳೆಯ ತೋಟಗಳನ್ನು ಬಹುಮಟ್ಟಿಗೆ ಕೆಡಿಸಿದ ಸೊರಗುರೋಗದ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲಿದ್ದು, ಹರಿಯುವ ನೀರಿನೊಡನೆ ಒಂದು ಬಾಳೆಯಿಂದ ಇನ್ನೊಂದಕ್ಕೆ ಸಾಗಬಲ್ಲುದು. ಹಾಸಿದ ತರಗನ್ನು ಬುಡದಿಂದ ಇನ್ನೂ ದೂರ ಸರಿಸಬೇಕು. ಒಣಗಾಲದಲ್ಲಿ ತಂಪು ಕೊಟ್ಟದ್ದು ಈಗ ಬಸವನಹುಳುವಿಗೆ ಮನೆಯಾಗುತ್ತದೆ. ಸಂಜೆಯ ನೀರೂ ನಿಲ್ಲಬೇಕು. ಸೆಕೆಯ ರಾತ್ರಿಯಲ್ಲಿ ಎಲೆ ತೊಯ್ದೇ ಇದ್ದರೆ ಬೂಷ್ಟು, ಎಲೆಚುಕ್ಕೆಗಳು ಹಬ್ಬುತ್ತವೆ. ಮಳೆ ತಪ್ಪಿದ ದಿನ ಬೆಳಿಗ್ಗೆ, ಎಲೆಗೆ ತಾಗದಂತೆ ಬುಡಕ್ಕೆ ಎರೆದರಾಯಿತು. ಇಲ್ಲಿನ ಕೆಮ್ಮಣ್ಣಿನ ಮೇಲೆ ಬಿರುಮಳೆಯ ಹೊಡೆತಕ್ಕೆ ಹೆಪ್ಪುಗಟ್ಟುವುದುಂಟು. ಅದನ್ನು ಅರೆ ಒಣಗಿದಾಗ ಕಳೆಗುದ್ದಲಿಯಿಂದ ಸಡಿಲಿಸಬೇಕು, ಹಸಿಯಾಗಿದ್ದಾಗ ಮುಟ್ಟಬಾರದು.

ಮಳೆಗಿಂತ ಗಾಳಿಯ ಪೆಟ್ಟು ದೊಡ್ಡದು. ಗೊನೆ ಹೊತ್ತ ಬಾಳೆ ಒಂದೇ ಬೀಸಿಗೆ ಮುರಿಯುತ್ತದೆ. ಗೊನೆ ಬಾಗಿದ ಕಡೆಯಲ್ಲಿ ಎರಡು ಬಿದಿರುಗಳನ್ನು ಕತ್ತರಿಯಂತೆ ಕೂಡಿಸಿ ಊರೆ ಕೊಡುವುದು ಹಳೆಯ ಕ್ರಮ, ಅದಕ್ಕಿಂತ ಉತ್ತಮವಾದುದು ಇನ್ನೂ ಬಂದಿಲ್ಲ. ನುಗ್ಗೆಯ ಮರ ಬಲು ಪೆಳಸು. ಕಾಯಿ ಮುಗಿದ ಕೊಂಬೆಗಳನ್ನು ಗಾಳಿಗೆ ಮೊದಲೇ ಕಡಿದರೆ ಮರವೂ ಉಳಿಯುತ್ತದೆ, ಮಳೆಗೆ ಹೊಸ ಚಿಗುರಿನ ಸೊಪ್ಪೂ ದೊರೆಯುತ್ತದೆ. ಬಳ್ಳಿ ತುಂಬಿದ ಚಪ್ಪರ ಗಾಳಿಗೆ ಹಡಗಿನ ಹಾಯಿಯಿದ್ದಂತೆ. ಕಂಬಗಳನ್ನು ಎರಡಡಿ ಆಳಕ್ಕೆ ಹೂಳದೆ ಚಪ್ಪರ ಕಟ್ಟುವುದು ವ್ಯರ್ಥ ಶ್ರಮ. ಆಲಿಕಲ್ಲು ಬಿದ್ದ ಮರುದಿನ ಹರಿದ ಎಲೆಗಳನ್ನು ಕಂಡು ಗಿಡವನ್ನೇ ಕೀಳುವ ಆತುರ ಬೇಡ. ಜಜ್ಜಿದುದನ್ನು ಚಿವುಟಿ ಒಂದು ವಾರ ಕಾದರೆ ಬಹಳಷ್ಟು ಗಿಡಗಳು ಮತ್ತೆ ಚಿಗುರುತ್ತವೆ. ಗುಡುಗು ಕೇಳಿಸಿದ ಮೇಲೆ ಮಾತ್ರ ಯಾವ ಗಿಡದ ಚಿಂತೆಯೂ ಸಲ್ಲದು. ಮಕ್ಕಳು ಕೂಡಲೇ ಮನೆಯೊಳಗೆ ಬರಬೇಕು, ತೆಂಗಿನ ಮರದ ಕೆಳಗೆ ಎಂದಿಗೂ ನಿಲ್ಲಬಾರದು, ಕೊನೆಯ ಗುಡುಗಾದ ಅರ್ಧ ಗಂಟೆಯ ತನಕ ಹೊರಗೆ ಹೋಗಬಾರದು.

ಗುಡುಗಿನ ಮಳೆ ಬಿದ್ದ ಮೂರನೆಯ ದಿನಕ್ಕೆ ಹಿತ್ತಿಲು ಹಸಿರೇರುವುದನ್ನು ಎಲ್ಲರೂ ಕಂಡಿರುತ್ತಾರೆ. ಮಿಂಚಿನ ಕಾವಿಗೆ ಗಾಳಿಯ ಸಾರಜನಕ ಆಮ್ಲಜನಕದೊಡನೆ ಕೂಡಿ ಮಳೆಯ ನೀರಿನಲ್ಲಿ ಇಳಿಯುವುದು ನಿಜವೇ. ಆದರೆ ಆ ಪ್ರಮಾಣ ಅಲ್ಪ. ಒಣಗಿದ ಮಣ್ಣು ಒಮ್ಮೆಗೇ ನೆನೆದಾಗ ಅದರೊಳಗಿನ ಸೂಕ್ಷ್ಮಜೀವಿಗಳು ಚುರುಕಾಗಿ ತರಗು-ಗೊಬ್ಬರಗಳ ಸಾರವನ್ನು ಬಿಡಿಸಿಕೊಡುತ್ತವೆ. ಹಸಿರಿನ ಬಹುಪಾಲು ಅಲ್ಲಿಂದ ಬಂದದ್ದು. ಬೇಸಿಗೆಯಲ್ಲಿ ಮಡಿಗೆ ಏನನ್ನೂ ಹಾಕದವನ ಹಿತ್ತಿಲಿನಲ್ಲಿ ಮಿಂಚು ಎಷ್ಟು ಹೊಳೆದರೂ ಪ್ರಯೋಜನವಿಲ್ಲ.

ಹೊಗೆಸೊಪ್ಪಿನ ಸೀಮೆಯವರು ವಿಶೇಷವಾಗಿ ಅರಿತಿರಬೇಕಾದ ಸಂಗತಿಯೊಂದಿದೆ. ಹೊಗೆಸೊಪ್ಪು, ಟೊಮೇಟೊ, ಬದನೆ, ಮೆಣಸಿನಕಾಯಿ ಇವೆಲ್ಲ ಒಂದೇ ಕುಟುಂಬದ ಸಸ್ಯಗಳು. ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಎಲೆಯಲ್ಲಿ ತಿಳಿ-ಕಡುಹಸಿರಿನ ಮಚ್ಚೆ ಮೂಡಿಸುವ ಮೊಸಾಯಿಕ್ ರೋಗದ ವೈರಸ್ ಮನುಷ್ಯರ ಕೈಯಿಂದಲೇ ಹರಡುತ್ತದೆ, ಒಣಗಿದ ಸೊಪ್ಪಿನಲ್ಲಿಯೂ ಸಾಯದೆ ಇರುತ್ತದೆ. ಸಸಿಮಡಿಯಿಂದ ಬಂದವರೂ, ಎಲೆಅಡಿಕೆಯೊಡನೆ ಹೊಗೆಸೊಪ್ಪು ಮೆಲ್ಲುವವರೂ ಸಾಬೂನಿನಿಂದ ಕೈ ತೊಳೆಯದೆ ಟೊಮೇಟೊ, ಮೆಣಸಿನ ಗಿಡಗಳನ್ನು ಮುಟ್ಟಲಾಗದು. ಹೊಗೆಸೊಪ್ಪಿನ ಕಷಾಯವನ್ನು ಹುಳುವಿಗೆ ಸಿಂಪಡಿಸುವುದೂ ಉಚಿತವಲ್ಲ. ಅದರ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ, ಜೇನಿಗೂ ಮಾರಕ. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಸಂಜೆಗೆ ಸಿಂಪಡಿಸಿದರೆ ಬೇಕಾದಷ್ಟಾಯಿತು.

ಇನ್ನು ಏನನ್ನು ಬೆಳೆಯಬೇಕೆಂಬ ಪ್ರಶ್ನೆ. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೊಮೇಟೊ ಹೂವಿನ ಪರಾಗ ಕೆಟ್ಟು ಹೂ ಉದುರುತ್ತದೆ; ಎಷ್ಟು ನೀರೆರೆದರೂ ನಿಲ್ಲದು. ಬೆಂಡೆ, ಅಲಸಂದೆ, ದಂಟು, ಹರಿವೆ, ಬಸಳೆ, ಹೀರೆ, ಪಡವಲಗಳಿಗೆ ಈ ಸೆಕೆಯೇ ಸೊಗಸು. ಮಳೆ ಹಿಡಿದ ಬೆಳಗುಗಳಲ್ಲಿ ಜೇನು ಬಾರದೆ ಕುಂಬಳದ ಪಿಂದೆ ಹಳದಿಯಾಗಿ ಬೀಳುವುದುಂಟು. ಆಗ ಹೊತ್ತು ಏರುವ ಮೊದಲೇ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿಯಿರುವ ಹೆಣ್ಣುಹೂವಿನ ನಡುವಿಗೆ ಸವರಬೇಕು. ಮಕ್ಕಳು ಇದನ್ನು ಹಿರಿಯರಿಗಿಂತ ಚೆನ್ನಾಗಿ ಮಾಡುತ್ತಾರೆ.

ಮೇ 25ರ ಸುಮಾರಿಗೆ ರೋಹಿಣಿ ಹುಟ್ಟಿ, ಮೃಗಶಿರೆ ಹತ್ತಿರವಾಗುತ್ತಿರುವಂತೆ ಹೂತ ಮಡಕೆಗಳನ್ನು ಹೊರತೆಗೆಯಬೇಕು. ಬಿಟ್ಟರೆ ಮಳೆನೀರು ತುಂಬಿ ಸೊಳ್ಳೆ ಮರಿಯಿಡುತ್ತದೆ. ಮೈಗೆ ಹತ್ತಿದ ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ರಂಧ್ರಗಳು ಬಿಡುವಂತೆ ಬಿಸಿಲಿನಲ್ಲಿ ಒಣಗಿಸಿ, ಮುಂದಿನ ಶಿವರಾತ್ರಿಯವರೆಗೆ ಅಟ್ಟದ ಮೇಲೆ ಬೋರಲು ಹಾಕಿಡತಕ್ಕದ್ದು.