ಒಡಪು: ಮುಚ್ಚಿ ತೆರೆಯುವ ಮಾತು

ಚಿಂಚೋಳಿ ಪರಿಸರವೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ‘ಒಡಪು’ ಎಂಬುದಕ್ಕೆ ಎರಡು ಅರ್ಥಗಳಿವೆ. ಒಂದು ಒಗಟು, ಇನ್ನೊಂದು, ಮದುವೆ, ಕುಬಸಗಳಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದಲ್ಲಿ ಹುದುಗಿಸಿ ಹೇಳುವ ನುಡಿ. ಮರಾಠಿಯ ‘ಉಖಾಣಾ’ ಪದವೂ ಇವೆರಡನ್ನೇ ಸೂಚಿಸುತ್ತದೆ. 1956ರವರೆಗೆ ಕನ್ನಡ, ಮರಾಠಿ, ತೆಲುಗು ಪ್ರದೇಶಗಳೆಲ್ಲ ಕೂಡಿದ್ದ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಈ ಸೀಮೆಯಲ್ಲಿ ಈ ಸಾಮ್ಯ ಗಮನಾರ್ಹ.

ಎರಡರ ರಚನಾತತ್ವವೂ ಒಂದೇ. ಒಗಟಿನಲ್ಲಿ ಪರಿಚಿತ ವಸ್ತುವು ರೂಪಕದ ಮರೆಯಲ್ಲಿರುತ್ತದೆ. ಹೆಸರಿನ ಒಡಪಿನಲ್ಲಿ ಎಲ್ಲರೂ ಬಲ್ಲ ಹೆಸರು ಕೊನೆಯ ಪ್ರಾಸದವರೆಗೆ ತಡೆದು ನಿಲ್ಲುತ್ತದೆ. ಉತ್ತರ ಗೊತ್ತಿದ್ದರೂ ಕೇಳುಗರು ಕಾಯುತ್ತಾರೆ. ಆದ್ದರಿಂದ ಇವುಗಳ ಆಕರ್ಷಣೆಯಿರುವುದು ಉತ್ತರದಲ್ಲಲ್ಲ, ಅದನ್ನು ತಡೆಹಿಡಿದವರ ಅಧಿಕಾರದಲ್ಲಿ. ಗಂಡನ ಹೆಸರು ಹೇಳಬಾರದೆಂಬುದು ಹೆಣ್ಣಿನ ಮೇಲೆ ಹೇರಿದ ಮೌನ. ಒಡಪು ಆ ಕಟ್ಟುಪಾಡನ್ನು ಅಳಿಸದು. ಆದರೆ ಅದನ್ನೇ ಅವಳ ಮಾತಿನ ಸರದಿಯಾಗಿಸುತ್ತದೆ.

ನೆರೆಯ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ಕ್ಕೆ ಮುಖ್ಯ ಆಕರ ದಂಡಿಯ ‘ಕಾವ್ಯಾದರ್ಶ’. ಪ್ರಹೇಳಿಕೆಯ ಪ್ರಯೋಜನವನ್ನು ದಂಡಿಯು ವಿನೋದಗೋಷ್ಠಿಯಲ್ಲಿ, ಜನಸಂದಣಿಯ ನಡುವಿನ ಗುಟ್ಟುಮಾತಿನಲ್ಲಿ ಗುರುತಿಸುತ್ತಾನೆ; ಅಂದರೆ ಪಠ್ಯದಷ್ಟೇ ಸಂದರ್ಭವೂ ಅವನಿಗೆ ಮುಖ್ಯ. ಒಡಪನ್ನು ಬರಿಯ ಪ್ರಶ್ನೋತ್ತರವಾಗಿ, ಪ್ರಾಸಪಂಕ್ತಿಯಾಗಿ ಸಂಗ್ರಹಿಸಿದರೆ ಈ ಅಂಶ ಕಳೆದುಹೋಗುತ್ತದೆ. ಯಾರು, ಯಾರೆದುರು, ಯಾವಾಗ ಹೇಳಿದರೆಂಬುದನ್ನೂ ಕ್ಷೇತ್ರಕಾರ್ಯದಲ್ಲಿ ದಾಖಲಿಸುವುದು ಅಗತ್ಯ.