ಬಾಣಂತಿಯ ಮನಸ್ಸಿನ ಕಾಯಿಲೆ: ಆಸ್ಪತ್ರೆಯಲ್ಲಿ ಮನೆಯವರ ಪಾಲು



ಹಡೆದ ಹೆಣ್ಣುಮಗಳಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಯಾರೋ ಮಾತಾಡಿದಂತೆ ಕೇಳಿಸುತ್ತದೆ ಎನ್ನುತ್ತಾಳೆ. ಕೂಸನ್ನು ಮುಟ್ಟಲು ಅಂಜುತ್ತಾಳೆ. ಹಿರಿಯರು ಇದನ್ನು ಬಾಣಂತಿ ಸನ್ನಿ ಎಂದರು. ಕೆಲವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾರೆ. ಇದು ಗಾಳಿಯಲ್ಲ, ಸೊಸೆಯ ಹಟವೂ ಅಲ್ಲ, ಕಾಯಿಲೆ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಹೆರಿಗೆಯಾದ 2 ವಾರಗಳೊಳಗೆ ಬರುತ್ತದೆ. ತಡಮಾಡಿದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ. ಬೇಗ ಚಿಕಿತ್ಸೆಯಾದರೆ ಬಹುಪಾಲು ತಾಯಂದಿರು ಗುಣವಾಗುತ್ತಾರೆ.

ತಾಯಿ, ಕೂಸು ಒಂದೇ ವಾರ್ಡಿನಲ್ಲಿ

ಹಿಂದೆ ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಕೂಸನ್ನು ಮನೆಯಲ್ಲಿ ಬಿಡುತ್ತಿದ್ದರು. 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಇರಿಸುವ 5 ಹಾಸಿಗೆಗಳ ವಿಭಾಗ ತೆರೆಯಿತು. ಅಲ್ಲಿ ಮನೆಯ ಹೆಂಗಸೊಬ್ಬರು ಜೊತೆಗಿರುತ್ತಾರೆ. ಡಾಕ್ಟರು ಔಷಧಿ ಗೊತ್ತುಮಾಡುತ್ತಾರೆ. ನರ್ಸಮ್ಮ ತಾಯಿಯನ್ನೂ ಕೂಸನ್ನೂ ಕಾಯುತ್ತಾರೆ. ತಾಯಿ ಚೇತರಿಸಿಕೊಂಡಂತೆ ಎತ್ತಿಕೊಳ್ಳುವುದು, ಎರೆಯುವುದು, ಮಲಗಿಸುವುದು ಒಂದೊಂದಾಗಿ ಅವಳ ಕೈಗೆ ಬರುತ್ತವೆ.

ಜಗಳ ಹುಟ್ಟುವುದು ಎಲ್ಲಿ?

ಹಾಸಿಗೆಯ ಪಕ್ಕದಲ್ಲೇ. “ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ” ಎಂದು ತವರಿನವರು. “ನಿಮ್ಮ ಮಗಳಿಗೆ ಮೊದಲೇ ಇತ್ತು” ಎಂದು ಅತ್ತೆಯ ಮನೆಯವರು. ನರ್ಸಮ್ಮ ಗುಳಿಗೆ ಕೊಟ್ಟರೆ, ಹಾಲು ಕೆಡುತ್ತದೆಂದು ಅಜ್ಜಿ ಬಚ್ಚಿಡುತ್ತಾಳೆ. ಕಾಲುವೆಯ ನೀರಿಗೆ ಪ್ರತಿಯೊಬ್ಬನೂ ತನ್ನ ತೂಬನ್ನೇ ಎತ್ತಿದರೆ ಕೊನೆಯ ಗದ್ದೆ ಒಣಗುವುದು ನಿಮಗೆ ಗೊತ್ತು. ಇಲ್ಲಿ ಒಣಗುವವಳು ತಾಯಿ.

ಆದ್ದರಿಂದ ಹೀಗೆ ಮಾಡಿರಿ:

1. ಡಾಕ್ಟರೊಡನೆ ಮಾತಾಡಲು ಮನೆಯ ಒಬ್ಬರನ್ನು ಗೊತ್ತುಮಾಡಿ. ಗಂಡನಾದರೆ ಒಳ್ಳೆಯದು.
2. ಮೊಲೆಹಾಲಿನ ಸಂಶಯವನ್ನು ಡಾಕ್ಟರನ್ನೇ ಕೇಳಿ. ಹಾಲೂಡಿಸುವ ತಾಯಿಗೆ ಹೊಂದುವ ಔಷಧಿಗಳಿವೆ. ನೀವಾಗಿ ನಿಲ್ಲಿಸಬೇಡಿ.
3. ರಾತ್ರಿ ಕಂಡದ್ದನ್ನು ಮುಚ್ಚದೆ ನರ್ಸಮ್ಮನಿಗೆ ಹೇಳಿ. ಸಾಯುವ ಮಾತಾಡಿದರೆ ಆ ಕ್ಷಣವೇ ತಿಳಿಸಿ. ತಾಯಿಯನ್ನೂ ಕೂಸನ್ನೂ ಇಬ್ಬರನ್ನೇ ಬಿಡಬೇಡಿ.
4. ಕೂಸಿನ ಕೆಲಸವನ್ನೆಲ್ಲ ಅಜ್ಜಿಯೇ ಕಸಿದುಕೊಳ್ಳಬಾರದು. “ನಾನು ಬೇಡವಾದೆ” ಎಂಬ ಭಾವ ತಾಯಿಗೆ ಬರುತ್ತದೆ.
5. ಅವಳ ಮುಂದೆ ತಪ್ಪು ಹೊರಿಸುವ ಮಾತು ಬೇಡ.

ಎಲ್ಲಿಗೆ ಹೋಗಬೇಕು?

ಹಳ್ಳಿಯ ಹತ್ತಿರವೇ ಮನೋರೋಗದ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆ ಹೆಸರು ಉಳಿಸುವುದು ನಮ್ಮ ಕೈಯಲ್ಲಿದೆ. ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ. ಸಿರುಗುಪ್ಪ ಇಲ್ಲವೇ ಕುರುಗೋಡಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಗತ್ಯವಿದ್ದರೆ ಅಲ್ಲಿಂದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಅವಸರವಾದರೆ 108ಕ್ಕೆ ಫೋನು ಮಾಡಿ. ಸಲಹೆಗೆ 14416, ಹಗಲು ರಾತ್ರಿ ಉಚಿತ.

ಕೂಡಿ ಚರ್ಚಿಸಿರಿ

ನಮ್ಮೂರಲ್ಲಿ ಬಾಣಂತಿಯ ನಿದ್ದೆಯನ್ನು ವಿಚಾರಿಸುವವರು ಯಾರು? ಸೊಸೆ ಆಸ್ಪತ್ರೆಯಲ್ಲಿದ್ದಾಗ ಆ ಮನೆಯ ದನಕರು, ಹೊಲ ನೋಡಿಕೊಳ್ಳಲು ನೆರೆಯವರು ಏನು ಮಾಡಬಹುದು?